ಅಜ್ಜನ ಹುಟ್ಟೂರು, ಮೊಮ್ಮಗನ ದೇಶ

ಯಶವಂತಪುರದ ರೈಲು ನಿಲ್ದಾಣದಲ್ಲಿ ವಾಸ್ಕೊ-ಡ-ಗಾಮಾ ಎಂಬ ಹೆಸರಿನ ಫಲಕ ಹೊತ್ತ ಗಾಡಿಯನ್ನು ಕಂಡವರು ಬಹುಮಂದಿ ಇರಬಹುದು. 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ ಪೋರ್ಚುಗೀಸ್ ನಾವಿಕನ ಹೆಸರು ಗೋವೆಯ ಒಂದು ಪಟ್ಟಣಕ್ಕೆ ಉಳಿದುಕೊಂಡದ್ದರಲ್ಲಿ ಅಂಥ ವಿಶೇಷವಿಲ್ಲ; ಊರಿನ ಹೆಸರುಗಳು ಆಳಿದವರಿಗಿಂತ ಹೆಚ್ಚು ಕಾಲ ಬಾಳುತ್ತವೆ. ಆದರೆ ಆ ಆಳ್ವಿಕೆ ಅಳಿದು ಅರವತ್ತು ವರ್ಷಗಳು ಕಳೆದ ಮೇಲೂ ಅದರ ಪೌರತ್ವವು ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದುಬರುತ್ತಿದೆಯೆಂಬುದು ವಿಚಾರಾರ್ಹವಾದ ಸಂಗತಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾಧಿಸಿದವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ದೇಶವೂ ದಾಯಭಾಗದ ವಸ್ತುವಾದೀತೆಂದು ಆ ಮಿತಾಕ್ಷರಕಾರ ಊಹಿಸಿರಲಾರ.

ಈ ಹಕ್ಕು ರಕ್ತದಿಂದ ಬರುವುದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಗೋವೆಯ ಇತಿಹಾಸವನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಅದು ಬಂದದ್ದು ಒಂದು ಗಡಿರೇಖೆಯಿಂದ. ಉಳಿದದ್ದು ಒಂದು ದಫ್ತರದಿಂದ. ಆ ರೇಖೆ ನಮ್ಮ ಕಾರವಾರ ತಾಲ್ಲೂಕಿನ ಮಾಜಾಳಿಯ ಮಗ್ಗುಲಲ್ಲೇ ಇದೆ. ಈಚೆಗೆ ಮಾಜಾಳಿ, ಆಚೆಗೆ ಕಾಣಕೋಣದ ಪೋಳೆಂ. ನಡುವೆ ಹೊಳೆಯಿಲ್ಲ, ಘಟ್ಟವಿಲ್ಲ. ಅದೇ ಕೊಂಕಣಿ, ಅದೇ ಮೀನು, ಅದೇ ತೆಂಗು.

ಹದಿನೆಂಟನೆಯ ಶತಮಾನದ ನಡುಗಾಲದವರೆಗೆ ಅಲ್ಲಿ ಈ ರೇಖೆಯೇ ಇರಲಿಲ್ಲ. ಎರಡೂ ಕಡೆಯ ನೆಲ ಸೋದೆಯ ಅರಸರದು. ಕಾಳೀನದಿಯ ಉತ್ತರ ದಡದ ಸದಾಶಿವಗಡ ಆ ಮನೆತನದ ಹೆಸರನ್ನೇ ಹೊತ್ತಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಸೋದೆಯ ಕಡೆಗೆ ತಿರುಗಿದಾಗ ಅಲ್ಲಿನ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಬೇಡಿದ. ಕಾಣಕೋಣ ಮೊದಲಾದ ಸೀಮೆಗಳು ಅವರ ಕೈಸೇರಿದವು. ಅರಸನ ವಂಶದವರು ಬಾಂದೋಡದಲ್ಲಿ ನೆಲೆಸಿದರು. ರಾಜ್ಯದ ಉಳಿದ ಭಾಗ 1799ರಲ್ಲಿ ಟಿಪ್ಪುವಿನ ಪತನದೊಡನೆ ಇಂಗ್ಲಿಷರಿಗೆ ಹೋಯಿತು. ಹೀಗೆ ಒಂದು ಕನ್ನಡ ಸಂಸ್ಥಾನದ ಮುರುಕಿನಿಂದ ಎರಡು ಸಾಮ್ರಾಜ್ಯಗಳ ಎಲ್ಲೆ ಹುಟ್ಟಿತು.

ಎಲ್ಲೆ ಹುಟ್ಟಿದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕೆಂಬ ನಮ್ಮ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಕಾರವಾರಕ್ಕೆ ಮದುವೆಯಾಗಿ ಬಂದ ಕಾಣಕೋಣದ ಹೆಣ್ಣು ಮೊದಲ ಹೆರಿಗೆಗೆ ತವರಿಗೆ ಹೋದರೆ ಆ ಕೂಸು ಹುಟ್ಟುತ್ತಿದ್ದುದು ಪೋರ್ಚುಗಲ್ಲಿನ ನೆಲದಲ್ಲಿ. ಗಂಡನ ಮನೆಯಲ್ಲಿ ಹುಟ್ಟಿದ ಅದರ ತಮ್ಮ ಬ್ರಿಟಿಷ್ ಪ್ರಜೆ. ಅಣ್ಣನ ಹುಟ್ಟು ಅಲ್ಲಿಯ ದಫ್ತರದಲ್ಲಿ ಬರೆಸಲ್ಪಟ್ಟಿದ್ದರೆ ಅವನ ಸಂತತಿಗೆ ಒಂದು ಬಾಗಿಲು ತೆರೆದಂತೆ. ತಮ್ಮನ ಸಂತತಿಗೆ ಅದಿಲ್ಲ. ಸೂಲಗಿತ್ತಿ ಯಾವ ಊರಿನವಳೆಂಬುದರ ಮೇಲೆ ಯುರೋಪಿನ ಹಕ್ಕು ನಿಂತದ್ದನ್ನು ಏನೆನ್ನೋಣ? ಇನ್ನು ಮಂಗಳೂರಿನ ಕ್ರೈಸ್ತರನ್ನು ನೋಡಿ. ಡಿಸೋಜ, ಪಿಂಟೊ ಎಂಬ ಕುಲನಾಮಗಳು ಅವರಿಗೂ ಉಂಟು. ಹಿರಿಯರು ಬಂದದ್ದೂ ಬಹುಪಾಲು ಗೋವೆಯಿಂದಲೇ. ಆದರೆ ಆ ವಲಸೆ ಹಲವು ತಲೆಮಾರುಗಳ ಹಿಂದಿನದು. ಹೆಸರು ಉಳಿಯಿತು, ಹಕ್ಕು ಉಳಿಯಲಿಲ್ಲ.

1955ರ ಸತ್ಯಾಗ್ರಹದ ನಂತರ ಗಡಿ ಬಿಗಿಯಾಯಿತು, ರೈಲು ನಿಂತಿತು, ಮಾಜಾಳಿಯ ಆಚೀಚೆಯ ಬಂಧುಗಳು ಪರದೇಶಿಗಳಾದರು. 1961ರ ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಗೋವೆಯನ್ನು ಬಿಡುಗಡೆಗೊಳಿಸಿತು. ಕಾರವಾರದ ಕಣ್ಣೆದುರಿನ ಅಂಜದೀವ್ ದ್ವೀಪದ ಕಾರ್ಯಾಚರಣೆಯಲ್ಲಿದ್ದ ಯುದ್ಧನೌಕೆಗಳಲ್ಲೊಂದರ ಹೆಸರು ‘ಮೈಸೂರು’ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಮರುವರ್ಷ, 1962ರ ಮಾರ್ಚ್ 28ರಂದು, ಪೌರತ್ವದ ಆಜ್ಞೆ ಹೊರಟಿತು. ತಾನಾಗಲಿ, ತಂದೆತಾಯಿಗಳಲ್ಲೊಬ್ಬರಾಗಲಿ, ಅಜ್ಜ ಅಜ್ಜಿಯರಲ್ಲೊಬ್ಬರಾಗಲಿ 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದ್ದರೆ ಅವರು ಭಾರತೀಯರು. ಹಳೆಯ ಪೌರತ್ವವೇ ಬೇಕೆನ್ನುವವರು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸಿದವರಲ್ಲಿ ಮಾನ್ಸಿಂಞೋರ್ ಮೊಂತೆಯ್ರೊ ಎಂಬ ಪಾದ್ರಿಗಳೂ ಒಬ್ಬರು. ವಿದೇಶಿಯೆಂದು ನೋಂದಾಯಿಸಲ್ಪಟ್ಟ ಅವರು ವಾಸದ ಅನುಮತಿಯ ಅವಧಿ ಮುಗಿದಾಗ ಅದರ ವಿಸ್ತರಣೆಗೆ ಅರ್ಜಿ ಹಾಕಲೊಪ್ಪಲಿಲ್ಲ. ಮೊಕದ್ದಮೆಯಾಯಿತು. ಗೋವೆ ಆಕ್ರಮಿತ ಪ್ರದೇಶ, ಜಿನೀವಾ ಒಪ್ಪಂದದ ರಕ್ಷಣೆ ತಮಗಿದೆ ಎಂದು ಅವರು ವಾದಿಸಿದರು. ವಿಲೀನದೊಡನೆ ಆಕ್ರಮಣದ ಸ್ಥಿತಿ ಮುಗಿಯಿತೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ತೀರ್ಪಿತ್ತಿತು. ಅವರ ವಾದ ನಮಗೆ ಒಪ್ಪಿಗೆಯಾಗದು. ಆದರೂ ಲಾಭದ ಆಸೆಯಿಲ್ಲದೆ ಒಂದು ಪೌರತ್ವಕ್ಕೆ ಅಂಟಿಕೊಂಡ ಆ ಪಾದ್ರಿಗಳ ಹಟವನ್ನು ಅಗ್ಗದ್ದೆನ್ನಲಾಗದು.

ಏಕೆಂದರೆ ಆಗ ಆ ಪೌರತ್ವಕ್ಕೆ ಬೆಲೆಯೇ ಇರಲಿಲ್ಲ. ಪೋರ್ಚುಗಲ್ ಬಡದೇಶ, ಸರ್ವಾಧಿಕಾರದ ಕೆಳಗೆ ನರಳುತ್ತಿದ್ದ ದೇಶ. 1974ರ ಏಪ್ರಿಲ್ ಕ್ರಾಂತಿಯ ನಂತರ ಹೊಸ ಸರ್ಕಾರವು ಆ ವರ್ಷದ ಡಿಸೆಂಬರ್ 31ರಂದು ಭಾರತದೊಡನೆ ಒಪ್ಪಂದ ಮಾಡಿಕೊಂಡು ಗೋವೆಯ ವಿಲೀನವನ್ನು ಮನ್ನಿಸಿತು. 1981ರಲ್ಲಿ ಅಲ್ಲಿ ರಾಷ್ಟ್ರೀಯತೆಯ ಹೊಸ ಕಾನೂನು ಬಂದಿತು. 1986ರಲ್ಲಿ ಪೋರ್ಚುಗಲ್ ಯುರೋಪಿನ ಸಮುದಾಯವನ್ನು ಸೇರಿತು. ಅಲ್ಲಿಂದ ಮುಂದೆ ಪೆಟ್ಟಿಗೆಯ ತಳದಲ್ಲಿದ್ದ ಹುಟ್ಟಿನ ದಾಖಲೆಗೆ ಬಂಗಾರದ ಬೆಲೆ. ಅಜ್ಜನ ಹುಟ್ಟನ್ನು ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ಬರೆಸಿ, ಅದರ ಬಲದಿಂದ ಮಕ್ಕಳದನ್ನು ಬರೆಸಿ, ಆ ಪಾಸ್‌ಪೋರ್ಟಿನಲ್ಲಿ ಬಹುಮಂದಿ ಹೋದದ್ದು ಪೋರ್ಚುಗಲ್ಲಿಗಲ್ಲ, ಇಂಗ್ಲೆಂಡಿನ ಸ್ವಿಂಡನ್ನಿನಂಥ ಊರುಗಳಿಗೆ. 2020ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ತೊರೆದಾಗ ಆ ದಾರಿ ಕಿರಿದಾಯಿತು.

ಇದನ್ನು ‘ಎರಡನೆಯ ಪೌರತ್ವ’ ಎಂದು ಜನ ಕರೆಯುತ್ತಾರೆ. ಮಾತು ಸರಿಯಲ್ಲ. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪೌರನಾಗಲಾರನೆಂಬುದು ನಮ್ಮ ಸಂವಿಧಾನದ ಒಂಬತ್ತನೆಯ ವಿಧಿಯ ನಿಲುವು. 1955ರ ಪೌರತ್ವ ಕಾಯಿದೆಯ ಒಂಬತ್ತನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಪರದೇಶದ ಪಾಸ್‌ಪೋರ್ಟ್ ಕೈಗೆ ಬಂದರೆ ಅದೇ ಸಾಕ್ಷ್ಯ. ಎರಡನೆಯದನ್ನು ಪಡೆದ ಗಳಿಗೆಯಲ್ಲಿ ಮೊದಲನೆಯದು ಹೋಗುತ್ತದೆ. ಮತದಾನದ ಹಕ್ಕು ಅದರೊಡನೆ ಹೋಗುತ್ತದೆ. ಪಾಸ್‌ಪೋರ್ಟನ್ನು ಪಡೆಯದೆ ಲಿಸ್ಬನ್ನಿನ ಪುಸ್ತಕದಲ್ಲಿ ಹುಟ್ಟನ್ನಷ್ಟೇ ಬರೆಸಿದವರ ಗತಿಯೇನೆಂಬುದು ಗೋವೆಯಲ್ಲಿ ಚುನಾವಣೆಯ ಕಾಲಕ್ಕೆಲ್ಲ ತಲೆಯೆತ್ತುವ ವ್ಯಾಜ್ಯ.

ಕೊನೆಗೊಂದು ಸ್ವಾರಸ್ಯ. ನಮ್ಮ ಹೆಬ್ಬಾಳ, ರಾಜೇಂದ್ರನಗರಗಳ ಮನೆಗಳಿಗೆ ಬೇಸಗೆಯ ರಜೆಯಲ್ಲಿ ಅಮೆರಿಕದಿಂದ ಬರುವ ಮೊಮ್ಮಕ್ಕಳ ಕೈಯಲ್ಲಿ ಸಾಗರೋತ್ತರ ಭಾರತೀಯ ನಾಗರಿಕರ ಗುರುತಿನ ಪುಸ್ತಕವಿರುತ್ತದೆ. 2006ರಿಂದ ಕೊಡುತ್ತಿರುವ ಇದೂ ಹಿರಿಯರ ಬಲದಿಂದ ದೊರೆಯುವಂಥದೇ. ಹೆಸರಿನಲ್ಲಿ ನಾಗರಿಕತ್ವ ಇದ್ದರೂ ಮತವಿಲ್ಲ, ಹೊಲಗದ್ದೆ ಕೊಳ್ಳುವಂತಿಲ್ಲ. 1947ರ ಆಗಸ್ಟ್ 15ರ ಅನಂತರ ಭಾರತಕ್ಕೆ ಸೇರಿದ ಪ್ರದೇಶದವರ ಸಂತತಿಗೂ ಇದು ಸಲ್ಲುತ್ತದೆ. ಆದ್ದರಿಂದ ಸ್ವಿಂಡನ್ನಿನಲ್ಲಿ ಹುಟ್ಟಿದ ಗೋವೆಯ ಮೊಮ್ಮಗ ಇದಕ್ಕಾಗಿ ಭಾರತದ ಕಚೇರಿಯ ಮುಂದೆ ನಿಂತಾಗ ತೋರಿಸಬೇಕಾದದ್ದು, ತಂದೆಯು ಲಿಸ್ಬನ್ನಿನಲ್ಲಿ ತೋರಿಸಿದ್ದ, ಅಜ್ಜ ಕಾಣಕೋಣದಲ್ಲಿ ಹುಟ್ಟಿದನೆಂಬ ಅದೇ ಕಾಗದವನ್ನು.