ವಯಸ್ಸಿಗೆ ಹಲ್ಲಿನ ಸಾಕ್ಷ್ಯ

ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವೆ, ಮೇಲೂ ಕೆಳಗೂ ಒಂದೊಂದು ಪಕ್ಕಕ್ಕೆ ಎರಡೆರಡರಂತೆ, ನಮ್ಮ ಬಾಯಲ್ಲಿ ಎಂಟು ಮುಂದವಡೆ ಹಲ್ಲುಗಳುಂಟಷ್ಟೆ. ಜಾನ್ ಹಂಟರನು 1771ರ ತನ್ನ ದಂತಗ್ರಂಥದಲ್ಲಿ ಇವನ್ನು ಕರೆದುದು ಇಮ್ಮೊನೆಯ ಹಲ್ಲುಗಳೆಂದು: ಕೆನ್ನೆಯ ಕಡೆಗೊಂದು ಮೊನೆ, ನಾಲಗೆಯ ಕಡೆಗೊಂದು. ಕೆಳದವಡೆಯ ಎರಡನೆಯದರಲ್ಲಿ ಮೂರು ಮೊನೆಗಳು ಕಾಣುವುದೂ ಉಂಟಾದ್ದರಿಂದ ಹೆಸರು ಪೂರ್ತಿಯಾಗಿ ಒಪ್ಪದು.

ಇಪ್ಪತ್ತು ಹಾಲುಹಲ್ಲುಗಳಲ್ಲಿ ಈ ಜಾತಿಯೇ ಇಲ್ಲ. ಹಾಲುದವಡೆಹಲ್ಲಿನ ಬೇರುಗಳ ಕವಲಿನೊಳಗೆ ಇದರ ಮೊಳಕೆ ಅಡಗಿರುತ್ತದೆ. ಮಗುವಿಗೆ ಎರಡು ವರ್ಷವಾಗುವ ಆಸುಪಾಸಿನಲ್ಲಿ ಅದರ ಮೊನೆಗಳು ಗಟ್ಟಿಗೊಳ್ಳತೊಡಗುತ್ತವೆ. ಮೇಲಿನ ಹಲ್ಲಿನ ಬೇರು ಕರಗಿ ಅದು ಉದುರಿದಾಗ, ಹತ್ತರಿಂದ ಹನ್ನೆರಡು ವರ್ಷದೊಳಗಾಗಿ, ಹೊಸ ಹಲ್ಲು ಹೊರಬರುತ್ತದೆ. ಆಗಲೂ ಅದರ ಬೇರು ಪೂರ್ಣವಾಗಿರುವುದಿಲ್ಲ.

ಈ ಕ್ರಮವನ್ನು ಒಮ್ಮೆ ಶಾಸನದ ಮುಂದೆ ಸಾಕ್ಷಿಗೆ ಕರೆದರು. ಇಂಗ್ಲೆಂಡಿನ 1833ರ ಕಾರ್ಖಾನೆ ಶಾಸನವು, ರೇಷ್ಮೆಯವನ್ನುಳಿದ ಬಟ್ಟೆಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳು ದುಡಿಯಕೂಡದೆಂದೂ, 13ರೊಳಗಿನವರು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಯಕೂಡದೆಂದೂ ವಿಧಿಸಿತು. ಆದರೆ ವಯಸ್ಸನ್ನು ಹೇಳುವವರು ಯಾರು? ಜನನದ ಸರಕಾರಿ ದಾಖಲೆ ಇರಲಿಲ್ಲ. ತಾಯಿತಂದೆಗಳಿಗೆ ಕೂಲಿ ಬೇಕು, ಗಿರಣಿಯವನಿಗೆ ಕೈಗಳು ಬೇಕು. ವೈದ್ಯನು ಮಗುವಿನ ಮೈಕಟ್ಟನ್ನು ನೋಡಿ ಪ್ರಮಾಣಪತ್ರ ಕೊಡುತ್ತಿದ್ದನು.

ಎಡ್ವಿನ್ ಸಾಂಡರ್ಸ್ ಎಂಬ ತರುಣ ದಂತವೈದ್ಯನು 1837ರಲ್ಲಿ ಒಂದು ಪುಸ್ತಿಕೆಯನ್ನು ಬರೆದು, ಎತ್ತರಕ್ಕಿಂತ ಹಲ್ಲೇ ಮೇಲಾದ ಪ್ರಮಾಣವೆಂದು ಪಾರ್ಲಿಮೆಂಟಿಗೆ ಅರಿಕೆಮಾಡಿದನು. 9ಕ್ಕೆ ಬಾಚಿಹಲ್ಲುಗಳು ಮುಗಿದಿರಬೇಕು, ಹತ್ತು ಹನ್ನೊಂದರಲ್ಲಿ ಮುಂದವಡೆಯವು, 13ಕ್ಕೆ ಎರಡನೆಯ ದವಡೆಹಲ್ಲು. ಒಂಬತ್ತರ ವಯಸ್ಸಿನ 708 ಮಕ್ಕಳಲ್ಲಿ 530 ಮಂದಿಗೆ ಈ ಲೆಕ್ಕ ಸರಿಹೊಂದಿತು. 126 ಮಂದಿ ಎಂಟೂವರೆಯವರಂತೆ, 52 ಮಂದಿ ಎಂಟರವರಂತೆ ಕಂಡರು. ತಪ್ಪಿದೆಡೆಯಲ್ಲಿಯೂ ಹಲ್ಲು ವಯಸ್ಸನ್ನು ತಗ್ಗಿಸಿಯೇ ಹೇಳಿತೆಂಬುದನ್ನು ನಾವು ಗಮನಿಸಬೇಕು. ಗಿರಣಿಯ ಬಾಗಿಲಲ್ಲಿ ಅದು ಮಗುವನ್ನು ಕಾಯುವ ತಪ್ಪು. ಮುಂದವಡೆ ಹಲ್ಲಿನ ಕಾಲ ಮಾತ್ರ ಹೆಣ್ಣುಮಕ್ಕಳಲ್ಲಿ ಕೊಂಚ ಮುಂಚೆ. ಹಾಲುಹಲ್ಲು ಕೊಳೆತು ಬೇಗ ಬಿದ್ದರೆ ಅದು ಇನ್ನಷ್ಟು ಏರುಪೇರಾಗುತ್ತದೆ.

ಇಂಗ್ಲೆಂಡಿನಲ್ಲಿ ಜನನದಾಖಲೆ ಮೊದಲಾದುದು 1837ರ ಜುಲೈ 1ರಂದು. ಆ ದಿನ ಹುಟ್ಟಿದ ಕೂಸಿಗೆ 9 ತುಂಬಿದುದು 1846ರಲ್ಲಿ. ಅಷ್ಟರೊಳಗೆ 1844ರ ಶಾಸನವು ಮಕ್ಕಳ ದಿನದ ದುಡಿಮೆಯನ್ನು ಆರೂವರೆ ಗಂಟೆಗೆ ತಗ್ಗಿಸಿ, ಅವರನ್ನು ಸೇರಿಸಿಕೊಳ್ಳುವ ವಯಸ್ಸನ್ನು 8ಕ್ಕೆ ಇಳಿಸಿಬಿಟ್ಟಿತ್ತು.