ಸೆಕೆಯಲ್ಲಿ ಓಟ: ಬೆವರು ಆರದಿದ್ದರೆ ಏನಾಗುತ್ತದೆ?

ಏಪ್ರಿಲ್‌ನಲ್ಲಿ ಮಂಜೇಶ್ವರ, ಕಾಸರಗೋಡು ಕಡೆ ಓಡಲು ಹೊರಟವರ ಅಂಗಿ ಬೆಳಗ್ಗೆ 6 ಗಂಟೆಗೇ ಒದ್ದೆ. ಕಾರಣ ಬರೀ ಬಿಸಿಲಲ್ಲ, ಗಾಳಿಯ ತೇವ. ದೇಹ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಸೆಕೆಯಲ್ಲಿ ಬೆವರು ಆರದೆ ಸುಮ್ಮನೆ ತೊಟ್ಟಿಕ್ಕುತ್ತದೆ, ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ನಸುಕಿನಲ್ಲಿ ತೇವಾಂಶ ಇನ್ನೂ ಹೆಚ್ಚು. ಆದರೂ ಬಿಸಿಲಿಲ್ಲದ್ದರಿಂದ ಅದೇ ವಾಸಿ.

ಎಸಿ ಕೋಣೆಯಲ್ಲಿ ದುಡಿದು ರಜೆಗೆ ಊರಿಗೆ ಬಂದವರು ಮೊದಲ ದಿನವೇ 10 ಕಿ.ಮೀ. ಓಡುವುದು ಬೇಡ. ದೇಹ ಒಗ್ಗಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಮಾತಾಡಿಕೊಂಡು ಓಡುವಷ್ಟು ನಿಧಾನ ಸಾಕು.

ಓಟದ ಮೊದಲು, ನಂತರ ತೂಕ ನೋಡಿದರೆ ಲೆಕ್ಕ ಸಿಗುತ್ತದೆ: 1 ಕಿಲೋ ಇಳಿದರೆ ಸುಮಾರು 1 ಲೀಟರ್ ನೀರು ಹೋಗಿದೆ. ಹಾಗಂತ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ. ಬೊಂಡ ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಉಪ್ಪು ಹಾಕಿದ ಗಂಜಿ ತಿಳಿಯನ್ನು ಯಾರೂ ಜಾಹೀರಾತು ಮಾಡುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ.

ತಲೆಸುತ್ತು, ವಾಕರಿಕೆ ಬಂದರೆ ಓಟ ನಿಲ್ಲಿಸಬೇಕು. ಮಾತು ತೊದಲಿ ಗೊಂದಲವಾದರೆ ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕು. ಬೆವರು ಸುರಿಯುತ್ತಿದ್ದರೂ ಅದು ಆಗಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.