ಗಡಿಸೀಮೆಯ ರೋಗಿ ಮತ್ತು ರಾಷ್ಟ್ರೀಯ ಕೃತಕ ಬುದ್ಧಿಮತ್ತೆ ಕಾರ್ಯನೀತಿ: ರೊದ್ದಂ ಪರಿಸರದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಪೀಠಿಕೆ

ನೀತಿ ಆಯೋಗ 2018ರ ಜೂನ್‌ನಲ್ಲಿ ಪ್ರಕಟಿಸಿದ ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಕಾರ್ಯನೀತಿ ಐದು ಆದ್ಯತಾ ಕ್ಷೇತ್ರಗಳನ್ನು ಗುರುತಿಸಿತು; ಆರೋಗ್ಯ ಅವುಗಳಲ್ಲೊಂದು. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಆರಂಭವಾಯಿತು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 10,371.92 ಕೋಟಿ ರೂಪಾಯಿಗಳ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಈ ಏರ್ಪಾಡುಗಳು ಗಡಿಸೀಮೆಯ ರೋಗಿಗೆ ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದು ಈ ಲೇಖನದ ಪ್ರಶ್ನೆ.

ಪರಿಸರ

ಆಂಧ್ರಪ್ರದೇಶದ ರೊದ್ದಂ ಮಂಡಲ 2022ರ ಏಪ್ರಿಲ್‌ನಲ್ಲಿ ಅನಂತಪುರದಿಂದ ಬೇರ್ಪಟ್ಟ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಪೂರ್ವಕ್ಕೆ ಪೆನುಕೊಂಡ, ದಕ್ಷಿಣಕ್ಕೆ ಹಿಂದೂಪುರ, ಪಶ್ಚಿಮಕ್ಕೆ ಕರ್ನಾಟಕದ ತುಮಕೂರು ಜಿಲ್ಲೆಯ ಪಾವಗಡ. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು ಆಗಿರುವ ಕುಟುಂಬಗಳಿಗೆ ಇಲ್ಲಿ ಎರಡು ರಾಜ್ಯಗಳ ಆಸ್ಪತ್ರೆಗಳೂ ಹತ್ತಿರವೇ. ಆದರೆ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ ರಾಜ್ಯದ ವಿಷಯ. ಹೀಗಾಗಿ ಕಾರ್ಯನೀತಿ ರಾಷ್ಟ್ರದ್ದಾದರೂ ಜಾರಿ ರಾಜ್ಯದ ಎಲ್ಲೆಯೊಳಗೇ ನಡೆಯುತ್ತದೆ. ಆಂಧ್ರದ ಎನ್‌ಟಿಆರ್ ವೈದ್ಯ ಸೇವೆ, ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎರಡೂ ಚಿಕಿತ್ಸಾ ನೆರವಿನ ಯೋಜನೆಗಳು ತಮ್ಮ ತಮ್ಮ ರಾಜ್ಯದ ಫಲಾನುಭವಿಗಳಿಗೆಂದೇ ರೂಪುಗೊಂಡವು.

ದೂರ ಸಮಾಲೋಚನೆಯ ಹಂತಗಳು

ಸರ್ಕಾರದ ದೂರ ಸಮಾಲೋಚನಾ ಸೇವೆಯಾದ ಇ-ಸಂಜೀವನಿಯಲ್ಲಿ ಉಪಕೇಂದ್ರದ ಆರೋಗ್ಯ ಅಧಿಕಾರಿ ರೋಗಿಯ ದೂರನ್ನು ಕೇಳಿ ನಮೂದಿಸುತ್ತಾರೆ. ದೂರದ ವೈದ್ಯರು ಅದನ್ನು ನೋಡಿ, ಮಾತಾಡಿಸಿ, ಔಷಧಿ ಬರೆಯುತ್ತಾರೆ. ವೈದ್ಯರ ನಿರ್ಧಾರಕ್ಕೆ ನೆರವಾಗುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯೂ ಇದಕ್ಕೆ ಸೇರಿಕೊಂಡಿದೆ. ನಡು ಬಗ್ಗಿಸಲು ಆಗುವುದಿಲ್ಲ, ಕುತ್ತಿಗೆ ಹೊರಳುವುದಿಲ್ಲ ಎಂದು ಹೇಳುವ ನಡುವಯಸ್ಸಿನ ರೈತನೊಬ್ಬನನ್ನು ಊಹಿಸಿಕೊಳ್ಳಿ. ಇದು ‘ಕೀಲುನೋವು’ ಎಂದಷ್ಟೇ ದಾಖಲಾದರೆ ಯಂತ್ರ ಸಂಧಿವಾತದತ್ತ ಬೆರಳು ತೋರಿಸುವುದು ಸಹಜ. ಆದರೆ ಅನಂತಪುರ–ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು; ಅದೂ ಮೂಳೆ, ಕೀಲುಗಳನ್ನು ಹೀಗೆ ಪೆಡಸಾಗಿಸಬಲ್ಲದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಕುಡಿಯುವ ನೀರು ಯಾವ ಕೊಳವೆಬಾವಿಯದು ಎಂಬುದು. ನಮೂನೆಯಲ್ಲಿ ಆ ಪ್ರಶ್ನೆ ಇಲ್ಲದಿದ್ದರೆ ಎಂಥ ಜಾಣ ಯಂತ್ರಕ್ಕೂ ಉತ್ತರ ಹೊಳೆಯದು.

ಪ್ರಯೋಗಾಲಯ ಮತ್ತು ಚಿಕಿತ್ಸಾಲಯ

ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ಆಗುವ ಹಾನಿಯನ್ನು ಚಿತ್ರದಿಂದ ಗುರುತಿಸುವ ಗೂಗಲ್‌ನ ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಬಳಸಿದ ಚಿತ್ರಗಳಲ್ಲಿ ಭಾರತದ ಕಣ್ಣಾಸ್ಪತ್ರೆಗಳವೂ ಇದ್ದವು. ಫಲಿತಾಂಶ ತಜ್ಞರಿಗೆ ಸರಿಸಾಟಿಯಾಗಿತ್ತು. ಅದೇ ತಂತ್ರ ಥಾಯ್ಲೆಂಡಿನ 11 ಚಿಕಿತ್ಸಾಲಯಗಳಿಗೆ ಹೋದಾಗ ಶೇ. 20ಕ್ಕಿಂತ ಹೆಚ್ಚು ಚಿತ್ರಗಳನ್ನು ಗುಣಮಟ್ಟ ಸಾಲದೆಂದು ಯಂತ್ರ ತಿರಸ್ಕರಿಸಿತು ಎಂದು 2020ರ ಅಧ್ಯಯನ ವರದಿ ಮಾಡಿತು. ಕೋಣೆಯ ಬೆಳಕು, ಅಂತರ್ಜಾಲದ ವೇಗ, ದಾದಿಯರ ಮೇಲಿನ ಕೆಲಸದ ಹೊರೆ ಇವೆಲ್ಲ ಯಂತ್ರದ ಉಪಯುಕ್ತತೆಯನ್ನು ನಿರ್ಧರಿಸಿದವು. ಮಂಡಲ ಮಟ್ಟದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಭಾಷೆ ಮತ್ತು ದಾಖಲೆ

2022ರ ಜುಲೈನಲ್ಲಿ ಆರಂಭವಾದ ಭಾಷಿಣಿ ಭಾರತೀಯ ಭಾಷೆಗಳ ನಡುವೆ ಅನುವಾದದ ದಾರಿ ತೆರೆದಿದೆ. ಆದರೆ ಒಂದೇ ಉಸಿರಿನಲ್ಲಿ ಕನ್ನಡ–ತೆಲುಗು ಬೆರೆಸಿ ಆಡುವವರ ಮಾತನ್ನು ಪ್ರಮಾಣಭಾಷೆಯಲ್ಲಿ ಪಳಗಿದ ಯಂತ್ರ ಸರಿಯಾಗಿ ಗ್ರಹಿಸೀತೆಂದು ಪರೀಕ್ಷಿಸದೆ ನಂಬಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜತೆ ಕೈಗೊಂಡ ‘ವಾಣಿ’ ಯೋಜನೆ ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡು ಮಾತಿನ ಮಾದರಿ ಸಂಗ್ರಹಿಸುತ್ತಿರುವುದು ಇಲ್ಲಿಗೆ ಒಪ್ಪುವ ಕ್ರಮ. ದಾಖಲೆಯ ವಿಷಯವೂ ಹೀಗೆಯೇ. ಡಿಜಿಟಲ್ ಮಿಷನ್ ರೋಗಿಗೆ ಕೊಡುವ 14 ಅಂಕಿಗಳ ಆಭಾ ಸಂಖ್ಯೆ ರಾಜ್ಯದ ಗಡಿ ದಾಟಬಲ್ಲದು. ಆದರೆ ಎರಡೂ ಕಡೆಯ ಆಸ್ಪತ್ರೆಗಳು ಡಿಜಿಟಲ್ ಜಾಲಕ್ಕೆ ಸೇರಿ ವರದಿಯನ್ನು ಅದಕ್ಕೆ ಜೋಡಿಸಿದ್ದರೆ ಮಾತ್ರ ಅದು ಫಲ ಕೊಡುತ್ತದೆ.

ಸಮಾರೋಪ

ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಸಮಾನತೆಯನ್ನೂ ಹೊಣೆಗಾರಿಕೆಯನ್ನೂ ತತ್ತ್ವವಾಗಿ ಒಪ್ಪಿದೆ. ಅದು ಆಚರಣೆಗೆ ಬರಬೇಕಾದರೆ ಮೂರು ಕೆಲಸ ಆಗಬೇಕು: ಆರೋಗ್ಯ ಯಂತ್ರಗಳ ಮೌಲ್ಯಮಾಪನದಲ್ಲಿ ದ್ವಿಭಾಷಾ ಗಡಿಮಂಡಲಗಳನ್ನು ಕಡ್ಡಾಯವಾಗಿ ಸೇರಿಸುವುದು, ನೀರು, ಮಣ್ಣಿನಂಥ ಸ್ಥಳೀಯ ಕಾರಣಗಳನ್ನು ರೋಗಿಯ ನಮೂನೆಗೆ ಅಳವಡಿಸುವುದು, ಯಂತ್ರದ ಸಲಹೆ ತಪ್ಪಿದಾಗ ಉತ್ತರ ಕೊಡಬೇಕಾದವರು ಯಾರೆಂದು ಎರಡೂ ರಾಜ್ಯಗಳು ಲಿಖಿತವಾಗಿ ಒಪ್ಪಿಕೊಳ್ಳುವುದು. ರಾಜಧಾನಿಗಳಲ್ಲಿ ಗೆದ್ದ ಯಂತ್ರ ರೊದ್ದಂನಲ್ಲೂ ಪರೀಕ್ಷೆಗೆ ಒಳಗಾಗದ ಹೊರತು ಅದನ್ನು ರಾಷ್ಟ್ರೀಯ ಎಂದು ಕರೆಯುವುದು ಸರಿಯಲ್ಲ.